ಟೆಂಡರ್ ಸೇರಿಸಬೇಕೇ, ಬೇಡವೇ?

‘ಅತಿ ದೊಡ್ಡ’ ಎಂಬ ಮಾತು ಕಣ್ಣಿಗೆ ಬಿದ್ದರೆ ಅದನ್ನು ಹೊಡೆದುಹಾಕುವುದು ನನಗೆ ಅಂಟಿದ ಚಾಳಿ. ಪತ್ರಿಕೆಯ ಸುದ್ದಿಮೇಜಿನ ಮುಂದೆ ಕೂತವನಿಗೆ ದಿನಕ್ಕೊಂದಾದರೂ ಏಷ್ಯಾದ ಅತಿ ದೊಡ್ಡ ವಸ್ತು ಎದುರಾಗುತ್ತದೆ. ಯಾವ ಅಳತೆಯಲ್ಲಿ ದೊಡ್ಡದು ಎಂದು ವರದಿಗಾರನನ್ನು ಕೇಳಿದರೆ ಸಾಮಾನ್ಯವಾಗಿ ಅವನು ಚಹಾ ಕುಡಿಯಲು ಎದ್ದು ಹೋಗುತ್ತಾನೆ. ಈ ಪ್ರಶ್ನೆಯನ್ನು ಕಚೇರಿಯಲ್ಲೇ ಬಿಟ್ಟು ಬರದೆ ಲೋಕಲ್ ಟ್ರೇನಿಗೂ ತಂದದ್ದು ನನ್ನ ತಪ್ಪು.

ಆ ಟ್ರೇನಿನಲ್ಲಿ ನಾವು ಮೂವರು. ಬ್ಯಾಂಕಿನ ಭಟ್ಟರು ಕಾರ್ಕಳದ ಕಡೆಯವರು. ಕಲ್ಯಾಣದಲ್ಲೇ ಹತ್ತಿ ಕಿಟಕಿಯ ಸೀಟು ಹಿಡಿಯುತ್ತಿದ್ದರು. ವಿಮಾ ಕಚೇರಿಯ ರಘು ಮೈಸೂರಿನವನು. ಅವನೂ ನಾನೂ ಡೊಂಬಿವಲಿಯಲ್ಲಿ ಹತ್ತುವವರು, ಎಂದರೆ ನಿಲ್ಲುವವರು. ಠಾಣೆ ಬಂದಾಗ ಭಟ್ಟರು ಎದ್ದು ರಘುವನ್ನು ಕೂರಿಸುತ್ತಿದ್ದರು, ಘಾಟ್ಕೋಪರಿನಲ್ಲಿ ರಘು ಎದ್ದು ನನ್ನನ್ನು. ಒಂದು ಸೀಟನ್ನು ಮೂವರು ಹೀಗೆ ಹಂಚಿಕೊಳ್ಳುವುದು ಈ ಲೈನಿನಲ್ಲಿ ಎಲ್ಲೂ ಬರೆದಿರದ, ಯಾರೂ ಮುರಿಯದ ಕಾನೂನು.

ಭಟ್ಟರಿಗೂ ರಘುವಿಗೂ ಉಗಿ ಎಂಜಿನ್ನುಗಳ ಹುಚ್ಚು. ಅದೂ ಅಮೆರಿಕದ ದೈತ್ಯಗಳದ್ದು. ಇಬ್ಬರೂ ಅಮೆರಿಕ ಕಂಡವರಲ್ಲ. ವಿದ್ಯುತ್ತಿನ ಗಾಡಿಯಲ್ಲಿ ಜೋತುಬಿದ್ದುಕೊಂಡು, ಭೂಮಿಯ ಆಚೆ ಬದಿಯಲ್ಲಿ ಹೊಗೆ ಬಿಡುವ ಯಂತ್ರವನ್ನು ಅಂಗೈಯಗಲದ ಫೋನಿನಲ್ಲಿ ಹಿಂಬಾಲಿಸುತ್ತಿದ್ದರು. ಬಿಗ್ ಬಾಯ್ ಎಂಬ ಎಂಜಿನ್ನನ್ನು ವಸ್ತುಸಂಗ್ರಹಾಲಯದಿಂದ ಹೊರಗೆಳೆದು ದುರಸ್ತಿಗೆ ಒಯ್ದ ವಿಡಿಯೊವನ್ನು, ಮನೆಮಗ ಆಸ್ಪತ್ರೆಯಿಂದ ಬಂದನೇನೋ ಎಂಬಂತೆ ನೋಡಿದರು. ಚಕ್ರಗಳನ್ನು ಅವರು ಎಣಿಸುತ್ತಿದ್ದ ರೀತಿಯೇ ಬೇರೆ: ನಾಲ್ಕು-ಎಂಟು-ಎಂಟು-ನಾಲ್ಕು. ಪಕ್ಕದಲ್ಲಿದ್ದವರು ಮಟಕಾ ನಂಬರೆಂದು ಕಿವಿಗೊಟ್ಟದ್ದೂ ಉಂಟು.

ಜಗಳ ಬಂದದ್ದು ಟೆಂಡರಿನಿಂದ. ಎಂಜಿನ್ನಿನ ಬೆನ್ನಿಗೇ ಅಂಟಿಕೊಂಡು ಬರುವ, ಕಲ್ಲಿದ್ದಲು ಮತ್ತು ನೀರು ಹೊರುವ ಬಂಡಿಗೆ ಟೆಂಡರ್ ಎನ್ನುತ್ತಾರೆ. ಅದನ್ನು ಸೇರಿಸಿ ತೂಗಿದರೆ ಭಟ್ಟರ ಬಿಗ್ ಬಾಯ್ ದೊಡ್ಡದು. ಬಿಟ್ಟು ತೂಗಿದರೆ ರಘು ಮೆಚ್ಚಿದ ಅಲೆಘೆನಿ ಎಂಬ ಎಂಜಿನ್ ಒಂದು ಕೈ ಮೇಲು.

“ನೀರಿನ ಟ್ಯಾಂಕನ್ನೂ ಲೆಕ್ಕಕ್ಕೆ ತಗೊಂಡ್ರೆ ನಮ್ಮ ಸೊಸೈಟಿಗೆ ಬರೋ ಟ್ಯಾಂಕರೂ ಎಂಜಿನ್ನೇ ಆಗತ್ತೆ ಭಟ್ರೇ” ಎಂದ ರಘು.

“ನೀನು ಹೊಟ್ಟೆ ಮನೆಯಲ್ಲಿಟ್ಟು ಆಫೀಸಿಗೆ ಬರ್ತೀಯಾ ಮಾರಾಯಾ?” ಎಂದರು ಭಟ್ಟರು.

ತೀರ್ಪಿಗೆ ಇಬ್ಬರೂ ನನ್ನತ್ತ ತಿರುಗಿದರು. ಅದು ಅಳತೆಯನ್ನು ಅವಲಂಬಿಸಿದೆ, ಇಬ್ಬರ ಮಾತೂ ಸರಿ ಎಂದೆ. ಪತ್ರಿಕೆಗೆ ಒಪ್ಪುವ ಮಾತು; ಸ್ನೇಹಕ್ಕೆ ಒಪ್ಪಲಿಲ್ಲ. ಮರುದಿನ ಠಾಣೆಯಲ್ಲಿ ಭಟ್ಟರು ಎದ್ದು, ಎದುರಿಗೇ ನಿಂತಿದ್ದ ರಘುವನ್ನು ದಾಟಿ, ಯಾರೋ ಅಪರಿಚಿತನ ಭುಜ ತಟ್ಟಿ “ಬೈಠೋ” ಎಂದರು. ರಘು ಕಿಟಕಿಯಾಚೆ ನೋಡಿದ. ಆರು ವರ್ಷದ ಗೆಳೆತನ ಮುಲುಂಡ್ ಬರುವಷ್ಟರಲ್ಲಿ ಮುಗಿದಂತೆ ಕಂಡಿತು. ಅದರೊಂದಿಗೆ ಘಾಟ್ಕೋಪರಿನಿಂದಾಚೆಯ ನನ್ನ ಸೀಟೂ ಹೋಯಿತು. ಎರಡರಲ್ಲಿ ಯಾವ ನಷ್ಟ ನನ್ನನ್ನು ಹೆಚ್ಚು ಕಾಡಿತೆಂದು ಕೇಳಬೇಡಿ. ಅದೂ ಅಳತೆಯನ್ನು ಅವಲಂಬಿಸಿದೆ.

ಒಂದು ತಿಂಗಳು ಅವರ ನಡುವೆ ಮಾತಿಲ್ಲ. ಆಗ ನಮ್ಮ ಕಟ್ಟಡದ ವಾಚ್‌ಮನ್, ಕಲಬುರಗಿಯವನು, ತನ್ನ ಮಾವ ಶರಣಪ್ಪ ಹಿಂದೆ ವಾಡಿಯಲ್ಲಿ ಉಗಿ ಎಂಜಿನ್ನಿನ ಒಲೆಗೆ ಕಲ್ಲಿದ್ದಲು ಹಾಕುವ ಫೈರ್‌ಮನ್ ಆಗಿದ್ದರೆಂದೂ, ಈಗ ಕಳಂಬೋಲಿಯಲ್ಲಿ ಕಬ್ಬಿಣದ ಮಾರ್ಕೆಟ್ಟಿನ ಹಿಂದೆ ಮಗನ ಮನೆಯಲ್ಲಿದ್ದಾರೆಂದೂ ಹೇಳಿದ. ಭಟ್ಟರನ್ನೂ ರಘುವನ್ನೂ ಬೇರೆ ಬೇರೆಯಾಗಿ ಕರೆದೆ. ಇನ್ನೊಬ್ಬರು ಬರುವ ವಿಷಯ ಹೇಳಲಿಲ್ಲ. ಅದು ಸುಳ್ಳಲ್ಲ, ಸುದ್ದಿಯ ಒಂದು ಪ್ಯಾರಾ ತಡೆಹಿಡಿದದ್ದು ಅಷ್ಟೇ. ಭಾನುವಾರ ಠಾಣೆಯಿಂದ ಪನ್ವೇಲ್ ಲೋಕಲಿನಲ್ಲಿ ಇಬ್ಬರೂ ನನ್ನ ಎಡಬಲಕ್ಕೆ ಕೂತು, ಮಾತಾಡುವುದಿದ್ದರೆ ನನ್ನೊಡನೆ ಮಾತ್ರ ಆಡಿದರು.

ಶರಣಪ್ಪನವರ ಬಲಭುಜ ಎಡಭುಜಕ್ಕಿಂತ ತುಸು ಕೆಳಗಿತ್ತು. ಫೋನಿನಲ್ಲಿ ಎರಡೂ ದೈತ್ಯಗಳನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. ಟೆಂಡರಿನ ಪ್ರಶ್ನೆ ಕೇಳಿ ನಕ್ಕರು.

“ಎಂಜಿನ್ ಬ್ಯಾರೆ, ಟೆಂಡರ್ ಬ್ಯಾರೆ ಅಂತ ಯಾರ್ ಹೇಳ್ಯಾರ್ರೀ ನಿಮಗ? ನಾ ಒಂದ್ ಕಾಲು ಎಂಜಿನ್ ಮ್ಯಾಲ, ಒಂದ್ ಕಾಲು ಟೆಂಡರ್ ಮ್ಯಾಲ ಇಟ್ಟು ನಿಂತಾಂವ. ವಾಡಿಯಿಂದ ಸೊಲ್ಲಾಪುರದ ತನಕ ಹಂಗೇ ನಿಂತು ಕಲ್ಲಿದ್ದಲಿ ಹಾಕೀನಿ.”

ಭಟ್ಟರ ಮುಖ ಅರಳಿತು. ಅಷ್ಟರಲ್ಲಿ ಶರಣಪ್ಪ ಕೇಳಿದರು, “ಇಷ್ಟ್ ದೊಡ್ಡ ಒಲಿಗೆ ಸಲಿಕಿ ಹಿಡಿಯಾಕ ಎಷ್ಟ್ ಮಂದಿ?”

“ಮಂದಿ ಇಲ್ಲ. ತಿರುಪಿನಂಥ ಒಂದು ಯಂತ್ರ ಟೆಂಡರಿಂದ ತಾನೇ ಕಲ್ಲಿದ್ದಲು ದೂಡ್ತಿತ್ತು” ಎಂದ ರಘು.

“ಎರಡಕ್ಕೂ ಸಲಿಕಿ ಇಲ್ಲೇನು?”

“ಇಲ್ಲ.”

ಶರಣಪ್ಪ ಫೋನು ಹಿಂದಿರುಗಿಸಿದರು. “ಹಂಗಾರ ಇವು ಎಂಜಿನ್ ಅಲ್ಲ ಬಿಡ್ರಿ. ಹಿಟ್ಟಿನ ಗಿರಣಿ.”

ಆಮೇಲೆ ನಡೆದದ್ದನ್ನು ನಾನು ಏರ್ಪಡಿಸಿದ್ದಲ್ಲ. ಇಬ್ಬರೂ ಒಟ್ಟಿಗೇ ಬಾಯಿ ತೆರೆದರು. ಅಷ್ಟು ಅಗಲದ ಒಲೆಗೆ ಕೈಯಲ್ಲಿ ಹಾಕಲು ಮನುಷ್ಯರಿಂದ ಆಗದೆಂದು ರಘು ಹೇಳಿದರೆ, ಎಷ್ಟು ಆಗದು ಎಂಬುದರ ಲೆಕ್ಕ ಭಟ್ಟರು ಕೊಟ್ಟರು. ಭಟ್ಟರು ಮರೆತ ಸಂಖ್ಯೆಯನ್ನು ರಘು ನೆನಪಿಸಿದ. “ಹೌದು, ಅದನ್ನೂ ಹೇಳು ಇವರಿಗೆ” ಎಂದರು ಭಟ್ಟರು. ಶರಣಪ್ಪ ಒಂದನ್ನೂ ಒಪ್ಪಲಿಲ್ಲ. ಚಹಾ ತರಿಸಿ, ಪ್ರತಿ ಉತ್ತರಕ್ಕೂ “ಗಿರಣಿ” ಎನ್ನುತ್ತ ಹೋದರು. ವಾಪಸು ಬರುವಾಗ ರಬಾಳೆಯವರೆಗೂ ಇಬ್ಬರೂ ಸೇರಿ ಆ ಮುದುಕರನ್ನು ಖಂಡಿಸಿದರು. ನಡುವೆ ನಾನು ಅಡ್ಡವಾದೆನೆಂದು ನನ್ನನ್ನು ಕಿಟಕಿಯ ಕಡೆ ಸರಿಸಿದರು.

ಸೋಮವಾರ ಠಾಣೆಯಲ್ಲಿ ಭಟ್ಟರು ಎದ್ದರು. “ಕೂತ್ಕೊ ಮಾರಾಯಾ, ಮುಂದೆ ಹೇಳು” ಎಂದು ರಘುವಿನ ಭುಜ ಒತ್ತಿದರು. ಚರ್ಚೆ ಈಗ ಸಲಿಕೆ ಇದ್ದ ಎಂಜಿನ್ನುಗಳಲ್ಲಿ ಯಾವುದು ಅತಿ ದೊಡ್ಡದು ಎಂಬುದರ ಮೇಲಿತ್ತು. ನನ್ನ ನಾಲಿಗೆಯ ತುದಿಗೆ ಬಂದ ಪ್ರಶ್ನೆಯನ್ನು ನುಂಗಿಕೊಂಡೆ.

ಘಾಟ್ಕೋಪರ್ ಬಂತು. ಕೆಮ್ಮಿದೆ. ಇಬ್ಬರಿಗೂ ಕೇಳಿಸಲಿಲ್ಲ. ಗಾಡಿ ಹೊರಟಾಗ ಆಯ ತಪ್ಪದಂತೆ ಒಂದು ಕಾಲನ್ನು ಭಟ್ಟರ ಕಡೆ, ಇನ್ನೊಂದನ್ನು ರಘುವಿನ ಕಡೆ ಊರಿ ನಿಂತೆ. ಶರಣಪ್ಪನವರು ಹೀಗೆ ನಿಂತೇ ಸೊಲ್ಲಾಪುರ ಮುಟ್ಟುತ್ತಿದ್ದರು. ನನಗೆ ದಾದರ್, ಅಷ್ಟೇ.