ತಾಮ್ರವನ್ನು ಬಲ್ಲ ಹುಳು

ಗ್ರಾಂಟ್ ರೋಡಿನ ಉಡುಪಿ ಹೋಟೆಲೊಂದರಲ್ಲಿ ಕಾಂತಪ್ಪನವರು ಮೂವತ್ತೆರಡು ವರ್ಷಗಳಿಂದ ಕಾಫಿ ಬೆರೆಸುತ್ತಿದ್ದಾರೆ. ಕೌಂಟರಿನ ಪಕ್ಕದ ಗಾಜಿನ ತೊಟ್ಟಿಯಲ್ಲಿರುವ ಮೀನುಗಳು ಮಾಲೀಕರವು. ಗಾಜಿಗೆ ಅಂಟಿಕೊಂಡು ಪಾಚಿ ಮೇಯುವ ನಾಲ್ಕು ಹಳದಿ ಬಸವನಹುಳುಗಳು ಮಾತ್ರ ಕಾಂತಪ್ಪನವರವು. ಕಡಲೆಕಾಳಿನಷ್ಟಿದ್ದಾಗ ತಂದು, ಬೇಯಿಸಿದ ಸೌತೆಕಾಯಿ ತಿನ್ನಿಸಿ ಬೆಳೆಸಿದ್ದರು. ಎಲುಬಿಲ್ಲದ, ಕೈಕಾಲಿಲ್ಲದ ಜೀವವೊಂದು ನುಣುಪು ಗಾಜನ್ನು ನೆಟ್ಟಗೆ ಏರುವುದನ್ನು ಕಂಡಾಗಲೆಲ್ಲ ಅವರ ಕೈ ಒಂದು ಕ್ಷಣ ನಿಲ್ಲುತ್ತಿತ್ತು.

ಈ ಮಳೆಗಾಲದಲ್ಲಿ ಮೀನುಗಳಿಗೆ ರೋಗ ಹತ್ತಿತು. ಈಜುರೆಕ್ಕೆಗಳ ತುಂಬ ಉಪ್ಪಿನ ಹರಳಿನಂಥ ಬಿಳಿ ಚುಕ್ಕೆಗಳು. ಮಾಲೀಕರ ಮಗಳು ವಿಜೇತಾ ಔಷಧ ತಂದಳು.

"ಅಂಕಲ್, ಇದರಲ್ಲಿ ಕಾಪರ್ ಇದೆ. ಮೀನಿಗೆ ಚಲೇಗಾ, ನಿಮ್ಮ ಸ್ನೇಲ್ ಮಾತ್ರ ಸಾಯ್ತದೆ. ಮೊದಲು ಅವನ್ನು ಹೊರಗೆ ತೆಗೀರಿ. ಟ್ಯಾಂಕಿನ ನೀರೇ ಬಾಲ್ದಿಯಲ್ಲಿ ತೆಗೆದಿಟ್ಟಿದ್ದೇನೆ."

"ಬಾಲ್ದಿಯಲ್ಲಾ? ನೆಲ ಒರೆಸುವ ಬಟ್ಟೆಯ ಹಾಗೆ!"

"ಹೊಸ ಬಾಲ್ದಿ ಅಂಕಲ್, ನಿಮ್ಮ ವಿಐಪಿಗಳಿಗೇ ತಂದದ್ದು."

ತೊಟ್ಟಿಗೆ ಔಷಧ ಹಾಕಲು ಸಂಜೆ ಬರುತ್ತೇನೆಂದು ಹೇಳಿ ಅವಳು ಪವಾಯಿಯ ಆಫೀಸಿಗೆ ಹೊರಟಳು. ಕಾಪರ್ ಎಂಬುದು ಯಾವುದೋ ಔಷಧದ ಹೆಸರಿರಬೇಕೆಂದು ಕಾಂತಪ್ಪನವರು ತಿಳಿದರು. ಪ್ಲಾಸ್ಟಿಕ್ ಬಾಲ್ದಿ ಅವರ ಮನಸ್ಸಿಗೆ ಒಪ್ಪಲಿಲ್ಲ. ತಾವು ಕುಡಿಯುವ ನೀರಿಡುವ ತಾಮ್ರದ ಪಾತ್ರೆಯನ್ನು ಹುಣಸೆಹುಳಿ ಹಚ್ಚಿ ಫಳಫಳ ಬೆಳಗಿ, ಬಾಲ್ದಿಯ ಅರ್ಧ ನೀರನ್ನು ಅದಕ್ಕೆ ಸುರಿದು, ನಾಲ್ವರನ್ನೂ ಮೆಲ್ಲನೆ ಇಳಿಬಿಟ್ಟರು.

ಮೂರು ಹುಳುಗಳು ಚಿಪ್ಪಿನ ಬಾಗಿಲು ಬಿಗಿದುಕೊಂಡು ತಳ ಸೇರಿದವು. ನಾಲ್ಕನೆಯದು ಅಂಚು ದಾಟಿ ಮೇಜಿಗೆ ಇಳಿಯಿತು. ಕಾಂತಪ್ಪನವರು ಅದನ್ನು ಎತ್ತಿ ಒಳಗೆ ಬಿಟ್ಟರು.

"ಎಂತ ಮಾರಾಯ, ಅರಮನೆ ಕೊಟ್ಟರೂ ಬೇಡವಾ ನಿಂಗೆ?"

ಅದು ಮತ್ತೆ ಏರಿತು. ಅವರು ಮತ್ತೆ ಬಿಟ್ಟರು. ಮೂರನೆಯ ಸಲ ಕೊಂಬುಗಳನ್ನು ಒಳಗೆಳೆದುಕೊಂಡು, ನಡುಗುತ್ತ, ಬೆರಳಗಲ ಬೆರಳಗಲವಾಗಿ ಏರತೊಡಗಿದಾಗ ಅವರು ಎತ್ತಲು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದರು. ವಿಜೇತಾಳ ಮಾತು ನೆನಪಾಗಿ ಅವಳಿಗೆ ಫೋನ್ ಮಾಡಿದರು.

"ಮಗಾ, ಕಾಪರ್ ಅಂದರೆ ಎಂತದು?"

"ತಾಂಬಾ, ಅಂಕಲ್, ತಾಮ್ರ. ಕ್ಯೋಂ?"

ಅವರು ಫೋನನ್ನು ಮೇಜಿನ ಮೇಲೆ ಬಿಸುಟರು. ತೋಳಿನ ತನಕ ಕೈ ಅದ್ದಿ, ಎಲ್ಲವನ್ನೂ ಬಾಚಿ ಬಾಲ್ದಿಗೆ ಹಾಕಿದರು. ಎರಡು ಪಾತ್ರೆಗಳ ನೀರೂ ಅವರ ಕಣ್ಣಿಗೆ ಒಂದೇ ಬಣ್ಣ, ಮೂಗಿಗೆ ಒಂದೇ ವಾಸನೆ. ತಾವು ದಿನವೂ ಕುಡಿಯುವ ಲೋಹವನ್ನು ಈ ಮೂಕಜೀವ ಮೈಯಿಂದಲೇ ಓದಿಬಿಟ್ಟಿತ್ತಲ್ಲ!

ನಾಲ್ಕನೆಯದು ಸಂಜೆಗೇ ನಡೆದಾಡಿತು. ಮರುದಿನ ಮತ್ತೆರಡು ಬಾಗಿಲು ತೆರೆದವು. ಒಂದು ಮಾತ್ರ ತೆರೆಯಲೇ ಇಲ್ಲ.

"ವಾಸನೆ ಬರ್ತಾ ಇದೆಯಾ?" ಎಂದು ವಿಜೇತಾ ದಿನವೂ ಕೇಳುವಳು.

"ಇಲ್ಲ."

"ಹಾಗಾದರೆ ಜೀವ ಇದೆ. ಮುಟ್ಟಬೇಡಿ."

ನಾಲ್ಕನೆಯ ದಿನ, ಮಧ್ಯಾಹ್ನದ ಗದ್ದಲದ ನಡುವೆ, ಆ ಬಾಗಿಲು ಕೂದಲೆಳೆಯಷ್ಟು ಸರಿಯಿತು. ನೂಲಿನಂಥ ಕೊಂಬೊಂದು ಹೊರಬಂದು ನೀರನ್ನು ಮುಟ್ಟಿ ನೋಡಿತು. ಕಾಂತಪ್ಪನವರು ಬಾಲ್ದಿಯ ಮುಂದೆ ಕುಕ್ಕುರುಗಾಲಿನಲ್ಲಿ ಕುಳಿತುಬಿಟ್ಟರು.

"ಕಾಂತಪ್ಪಣ್ಣಾ, ಆರು ಕಾಫಿ! ಎಲ್ಲಿ ಸತ್ತಿರಿ?" ಎಂದು ಮೇಜುಗಳ ಕಡೆಯಿಂದ ಯಾರೋ ಕೂಗಿದರು.

"ಸ್ವಲ್ಪ ನಿಲ್ಲು ಮಾರಾಯ," ಎಂದರು ಅವರು, ಪಿಸುದನಿಯಲ್ಲಿ. "ಇನ್ನೊಂದು ಕೊಂಬು ಬರ್ಲಿಕ್ಕೆ ಉಂಟು."