ಕಾಮತರು ಬಿಟ್ಟುಹೋದ ಸಂಖ್ಯೆ

ತುರ್ಭೆಯ ನಮ್ಮ ಆಫೀಸಿನಲ್ಲಿ ಕಾಮತರು ತೀರಿಕೊಂಡ ಮೇಲೂ ಅವರ ಕಂಪ್ಯೂಟರು ಒಂದು ಭಾರೀ ಸಂಖ್ಯೆ ಅವಿಭಾಜ್ಯವೋ ಅಲ್ಲವೋ ಎಂದು ತಾನೇ ಪರೀಕ್ಷಿಸುತ್ತಿತ್ತು. ಸಾಹೇಬರ ಮಾತಿನಂತೆ ಅದನ್ನು ಆಫ್ ಮಾಡಬೇಕಾದವಳು ನಾನು. ಅಷ್ಟರಲ್ಲಿ ಡೊಂಬಿವಲಿಯಿಂದ ಅವರ ಹೆಂಡತಿಯ ಫೋನು: "ಉತ್ತರ ಬರುವವರೆಗೆ ತಡೀರಿ ಮಾರಾಯ್ರೆ. ಇವರ ಕೊನೇ ಕೆಲಸ ಅದು."

ಉತ್ತರ ಬರುತ್ತದೆಂದು ಪರದೆ ತೋರಿಸಿದ್ದ ದಿನ ಅವರೇ ಬಂದು ಗಂಡನ ಕುರ್ಚಿಯಲ್ಲಿ ಕೂತರು. ಮಧ್ಯಾಹ್ನ ಪರದೆಯಲ್ಲಿ ಮೂಡಿತು: ಅವಿಭಾಜ್ಯವಲ್ಲ.

"ಹಾಗಾದ್ರೆ ಎಂತದ್ರಿಂದ ಭಾಗ ಆಗ್ತದೆ?"

"ಭಾಗ ಆಗ್ತದೆ ಅಂತ ಮಾತ್ರ ಹೇಳೋದಂತೆ ಅಕ್ಕಾ. ಯಾವುದರಿಂದ ಅಂತ ಈ ಪರೀಕ್ಷೆಗೂ ಗೊತ್ತಾಗೋದಿಲ್ಲ."

"ಇವರ ಹಾಗೇ. ಇಲ್ಲ ಅಂತಿದ್ರು, ಯಾಕೇಂತ ಹೇಳ್ತಿರ್ಲಿಲ್ಲ. ಆಯ್ತು, ಆಫ್ ಮಾಡಿ."

ನಾನು ಕೈ ಚಾಚುವಷ್ಟರಲ್ಲಿ ಫ್ಯಾನು ಗುಂಯ್‌ಗುಟ್ಟಿತು. ಕಂಪ್ಯೂಟರು ತಾನಾಗಿಯೇ ಮುಂದಿನ ಸಂಖ್ಯೆ ಶುರುಮಾಡಿತ್ತು.

ಎದ್ದವರು ಮತ್ತೆ ಕೂತರು. "ಇದಕ್ಕೆಷ್ಟು ದಿನವಂತೆ?"

"ನಲವತ್ತೊಂದು," ಪರದೆ ನೋಡಿ ಹೇಳಿದೆ.

ಸಾಹೇಬರಿಗೆ ಅದು ಸರ್ವರ್, ಆಫ್ ಮಾಡಿದರೆ ಆಫೀಸಿನ ಕೆಲಸವೇ ನಿಲ್ಲುತ್ತದೆ ಎಂದುಬಿಟ್ಟೆ. ನಂಬಲಿಲ್ಲ, ಆದರೆ ಮುಟ್ಟುವ ಧೈರ್ಯ ಅವರಿಗೂ ಇರಲಿಲ್ಲ.