ಉಕ್ಕಿನ ಮೇಲಿನ ಒಂದು ಅಕ್ಷರ

ಸ್ಟ್ಯಾನ್ಮೋರ್ ಎಂಬ ಬ್ರಿಟಿಷ್ ಊರಿನಲ್ಲಿರುವ ಮಗಳ ಮನೆಯಲ್ಲಿ ನಾನು ಬೆಳಗಿನ ಪೂಜೆ ಮುಗಿಸಿ ಹೊರಬಂದಾಗ ಊಟದ ಮೇಜಿನ ಮೇಲೆ ಹಳೆಯ ರೈಫಲ್ಲೊಂದು ಮಲಗಿತ್ತು. ಗುಂಡು ಹಾರದಂತೆ ಎಂದೋ ಮಾಡಿಸಿದ್ದು. ಅದರ ಮಗ್ಗುಲಲ್ಲಿ ನೆರೆಮನೆಯ ವೃದ್ಧೆ ಕುಳಿತಿದ್ದರು. ತಮ್ಮ ತಂದೆಯನ್ನು ಅವರು ಕಂಡವರಲ್ಲ. ನೌಕಾಪಡೆಯಲ್ಲಿದ್ದು ಯುದ್ಧದಲ್ಲಿ ಕಡಲ ಪಾಲಾದರೆಂದು, ಗೆಳೆಯನೊಬ್ಬ ಈ ಬಂದೂಕನ್ನು ತಂದುಕೊಟ್ಟನೆಂದು ತಾಯಿ ಹೇಳಿದ್ದರು. ಯಾವ ಹಡಗು ಎಂಬುದಷ್ಟೇ ಅವರಿಗೆ ತಿಳಿಯಬೇಕಿತ್ತು.

ಡಾಕ್ಟರಾದ ನನ್ನ ಅಳಿಯನಿಗೆ ಹಳೆಯ ಬ್ರಿಟಿಷ್ ಬಂದೂಕುಗಳನ್ನು ಸಂಗ್ರಹಿಸುವ ಹವ್ಯಾಸ. ಹಿಡಿಯ ಮೇಲಿನ ಉಕ್ಕಿನ ಭಾಗವನ್ನು ತೋರಿಸಿ, "ನೋಡ್ರಿ ಮಾವಾರ, ಕಿರೀಟ, ಬಾಣ, ಅದರ ಬಾಜೂಕ N. N ಇದ್ರ ನೌಕಾಪಡೆದು ಅಂತನ ಲೆಕ್ಕ. ಹಡಗಿನ ಹೆಸರೇನರ ಸವದಿದ್ರ ನಿಮ್ಮ ಶಾಸನದ ವಿದ್ಯಾದಾಗ ತಗೀರಿ," ಎಂದ.

ನಲವತ್ತು ವರ್ಷ ಶಿಲಾಶಾಸನಗಳನ್ನು ಓದಿದವನು ನಾನು. ಇಷ್ಟದೇವತೆಯನ್ನು ನೆನೆದು, ತೆಳುಗಾಗದ ಹೊದಿಸಿ, ಮೆಲ್ಲನೆ ತಟ್ಟಿ, ಮಸಿಯ ಬಟ್ಟೆಗಂಟಿನಿಂದ ಅಚ್ಚು ತೆಗೆದೆ. ಕಾಗದವನ್ನು ಬೆಳಕಿಗೆ ಹಿಡಿದೆ. ಕಿರೀಟವೂ ಬಾಣವೂ ಕೈಗಳ ಉಜ್ಜಾಟಕ್ಕೆ ಸವೆದು ಮಸುಕಾಗಿದ್ದವು. ಪಕ್ಕದ N ಮಾತ್ರ ಅಂಚು ಮೊನಚಾಗಿ, ಹಳೆಯ ಗೀರುಗಳನ್ನು ಕತ್ತರಿಸಿಕೊಂಡು ನಿಂತಿತ್ತು.

"ಇದು ಕೂಟಶಾಸನ, ನಕಲಿ! ಈ N ಆಮೇಲೆ ಯಾರೋ ಹೊಡೆದ ಅಕ್ಷರ," ಎಂದು ನನಗರಿಯದೆ ಕೂಗಿದೆ.

"ಮಾವಾರ, ಸುಮ್ನ ಕೂಡ್ರಿ. ಆಕೀ ವಯಸ್ಸರ ನೋಡ್ರಿ. ಖರೇನ ನೌಕಾಪಡೆದು ಅಂತ ಹೇಳ್ತೀನಿ," ಎಂದು ಅಳಿಯ ಪಿಸುಗುಟ್ಟಿದ.

ವೃದ್ಧೆ ನನ್ನ ಮುಖವನ್ನೇ ನೋಡುತ್ತಿದ್ದರು. ದೇವರ ಮುಂದಿನಿಂದ ಎದ್ದು ಬಂದ ನಾಲಗೆಗೆ ಸುಳ್ಳು ಬರಲಿಲ್ಲ. ಕಾಗದವನ್ನು ಅವರ ಕೈಗಿತ್ತು, ಕಂಡದ್ದನ್ನು ಇಂಗ್ಲಿಷಿನಲ್ಲಿ ಹೇಳಿದೆ.

ಅವರು ಕನ್ನಡಕ ಸರಿಪಡಿಸಿಕೊಂಡು ಆ ಅಕ್ಷರವನ್ನು ಬಹಳ ಹೊತ್ತು ನೋಡಿದರು.

"ಇದರ ಒಂದು ಕಾಲು ಮುರಿದಿದೆ," ಎಂದರು. "ಅಮ್ಮ ಗ್ಯಾಸ್ ಮೀಟರಿನ ಫಲಕಗಳಿಗೆ ಅಕ್ಷರ ಹೊಡೆಯುವ ಕೆಲಸದಲ್ಲಿದ್ದಳು. ಕೆಟ್ಟ ಅಚ್ಚುಮೊಳೆಗಳನ್ನು ನನಗೆ ಆಟಕ್ಕೆ ತಂದುಕೊಡುತ್ತಿದ್ದಳು. ಈ ಕುಂಟ N ಅವುಗಳಲ್ಲಿತ್ತು."

ಅಳಿಯ ರೈಫಲ್ಲಿನತ್ತ ಬಾಗಿ, ಆ ತಾಯಿಯೇ ಹೊಡೆದಿದ್ದ N ಅನ್ನು ಮತ್ತೆ ನೋಡಿದ.

"ಹಾಗಾದರೆ ನನ್ನಪ್ಪ ಯಾರು?" ಎಂದು ಅವರು ಕೇಳಿದರು. ಕೇಳಿದ್ದು ನಮ್ಮನ್ನಲ್ಲ.

ಕಾಗದವನ್ನು ಮಡಚಿ ಕೋಟಿನ ಜೇಬಿಗಿಟ್ಟುಕೊಂಡು ಎದ್ದರು. ರೈಫಲ್ ಇಲ್ಲೇ ಉಳಿಯಿತೆಂದು ಅಳಿಯ ಬಾಗಿಲವರೆಗೆ ಓಡಿದ.

"ನಿಮ್ಮಲ್ಲೇ ಇರಲಿ," ಎಂದರು ಅವರು, ಕಾಗದವಿದ್ದ ಜೇಬನ್ನು ತಟ್ಟಿ. "ಅಮ್ಮ ಮಾಡಿದ್ದನ್ನು ಮಾತ್ರ ಒಯ್ಯುತ್ತೇನೆ."